ಮೂರು ದಿನಕ್ಕೆ ನಿಂತ ತುರಿಕೆ ಮತ್ತೆ ಯಾಕೆ ಬಂತು?

ಸುರತ್ಕಲ್‌ನ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ಪತ್ರದ ಸಾರ ಇದು: ಜ್ವರಕ್ಕೆ ಒಂದು ವಾರ ಆಂಟಿಬಯೋಟಿಕ್ ನುಂಗಿದ ಬೆನ್ನಿಗೇ ಯೋನಿಯಲ್ಲಿ ತುರಿಕೆ, ಉರಿ, ಒಡೆದ ಮೊಸರಿನಂತೆ ಬಿಳುಪು. ಅತ್ತೆ ‘ಉಷ್ಣ ಆಗಿದೆ’ ಎಂದು ಬೊಂಡ (ಎಳನೀರು), ಬಾರ್ಲಿ ನೀರು ಕುಡಿಸಿದರು. ಗಂಡ ಮೆಡಿಕಲ್‌ಗೆ ಹೋಗಿ ‘ತುರಿಕೆಗೆ ಏನಾದರೂ ಕೊಡಿ’ ಎಂದು ಒಂದು ಟ್ಯೂಬ್ ತಂದರು. ಮೂರು ದಿನಕ್ಕೆ ತುರಿಕೆ ನಿಂತಿತು, ಹಚ್ಚುವುದನ್ನು ಬಿಟ್ಟೆ, ಈಗ ಮೊದಲಿಗಿಂತ ಜಾಸ್ತಿಯಾಗಿದೆ. ಅದನ್ನೇ ಮತ್ತೆ ಹಚ್ಚಲೇ? ಇದು ಗಂಡನಿಂದ ಬಂದದ್ದೇ? ಪತ್ರೊಡೆಗೆ ನಾಲ್ಕು ಪುಟ ಕೊಡುವ ನೀವು ಇದಕ್ಕೆ ಅರ್ಧ ಪುಟ ಕೊಡುತ್ತೀರಾ?

ನಮಸ್ಕಾರ. ಈ ಸಲ ಪುಟ ಪೂರ್ತಿ ನಿಮಗೇ.

ಮೊದಲು ಟ್ಯೂಬಿನ ವಿಷಯ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಮೂರು ಔಷಧಿ ಇವೆ: ಮಿಕೊನಜೋಲ್, ನಿಯೋಮೈಸಿನ್, ಕ್ಲೋಬೆಟಾಸೋಲ್. ಮೊದಲನೆಯದು ಫಂಗಸ್‌ಗೆ. ಎರಡನೆಯದು ಬ್ಯಾಕ್ಟೀರಿಯಾಕ್ಕೆ, ನಿಮಗೆ ಅದರಿಂದ ಉಪಯೋಗವಿಲ್ಲ. ಮೂರನೆಯದು ಸ್ಟೀರಾಯ್ಡ್, ಅದೂ ಬಹಳ ಕಡಕ್ಕಾದದ್ದು. ಮೂರೇ ದಿನದಲ್ಲಿ ನಿಮಗೆ ಆರಾಮ ಕೊಟ್ಟದ್ದು ಬಹುಮಟ್ಟಿಗೆ ಈ ಮೂರನೆಯವನೇ. ಅವನು ಊತ, ಕೆಂಪು, ತುರಿಕೆಯನ್ನು ಅಡಗಿಸುತ್ತಾನೆ. ಜೊತೆಗೆ ಆ ಜಾಗದ ಪ್ರತಿರೋಧವನ್ನೂ ತಗ್ಗಿಸುವುದರಿಂದ ಫಂಗಸ್‌ಗೆ ಇನ್ನಷ್ಟು ಅನುಕೂಲ. ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆಲ್ಲ ಸಿಗುತ್ತದೆ, ಮಳೆಗಾಲದಲ್ಲಂತೂ ನಮ್ಮ ಊರುಗಳಲ್ಲಿ ಗಜಕರ್ಣಕ್ಕೆಂದು ಮನೆಮನೆಯಲ್ಲೂ ಇರುತ್ತದೆ. ಅದನ್ನು ಮತ್ತೆ ಹಚ್ಚಬೇಡಿ.

ನಿಮಗೆ ಆಗಿರುವುದು ಕ್ಯಾಂಡಿಡಾ ಎಂಬ ಯೀಸ್ಟ್‌ನ (ಇದೂ ಒಂದು ಬಗೆಯ ಫಂಗಸ್) ಸೋಂಕು ಇರಬಹುದು. ಕ್ಯಾಂಡಿಡಾ ಹೊರಗಿನಿಂದಲೇ ಬರಬೇಕೆಂದಿಲ್ಲ, ಅನೇಕ ಆರೋಗ್ಯವಂತ ಹೆಂಗಸರ ಯೋನಿಯಲ್ಲೂ ಸದ್ದಿಲ್ಲದೆ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿ ಇಡುವುದರಲ್ಲಿ ಅಲ್ಲೇ ಇರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳ ಪಾಲಿದೆ. ಜ್ವರದ ಆಂಟಿಬಯೋಟಿಕ್ ಇವನ್ನೂ ಕೊಲ್ಲುತ್ತದೆ, ಆಗ ಯೀಸ್ಟ್ ತಲೆಯೆತ್ತುತ್ತದೆ. ನಾಲ್ಕರಲ್ಲಿ ಮೂರು ಮಂದಿ ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಆಗುತ್ತದೆ. ಅತ್ತೆಯವರ ಬೊಂಡ ಕುಡಿಯಿರಿ, ಸೆಕೆಗೆ ಒಳ್ಳೆಯದು. ಯೀಸ್ಟ್‌ಗೆ ಅದರಿಂದ ಏನೂ ಆಗುವುದಿಲ್ಲ. ಒಳಗೆ ಮೊಸರು ಹಚ್ಚುವುದು, ಬೇವಿನ ಕಷಾಯದಲ್ಲಿ ಒಳಭಾಗ ತೊಳೆಯುವುದು, ಆಂಟಿಸೆಪ್ಟಿಕ್ ಹಾಕುವುದು ಖಂಡಿತ ಬೇಡ.

ಗಂಡನ ಬಗ್ಗೆ ಕೇಳಿದ್ದೀರಿ. ಇದನ್ನು ಲೈಂಗಿಕ ರೋಗಗಳ ಸಾಲಿಗೆ ಸೇರಿಸುವುದಿಲ್ಲ. ಅವರಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಔಷಧಿಯೂ ಬೇಡ, ಅನುಮಾನವೂ ಬೇಡ.

ಈಗ ಸರಿಯಾದ ಕ್ರೀಮ್. ಬರೀ ಕ್ಲೋಟ್ರಿಮಜೋಲ್ ಅಥವಾ ಬರೀ ಮಿಕೊನಜೋಲ್ ಇರುವ, ಯೋನಿಯೊಳಗೆ ಹಾಕಲೆಂದೇ ತಯಾರಿಸಿದ ಕ್ರೀಮ್ ಅಥವಾ ಒಳಗಿಡುವ ಮಾತ್ರೆ. (ಕ್ಲೋಟ್ರಿಮಜೋಲ್, ಕ್ಲೋಬೆಟಾಸೋಲ್ ಹೆಸರುಗಳು ಅಣ್ಣತಮ್ಮಂದಿರಂತಿವೆ, ಪೆಟ್ಟಿಗೆ ಓದಿಯೇ ದುಡ್ಡು ಕೊಡಿ.) ಇವು ಫಂಗಸ್‌ನ ಹೊರಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಸಾಮಾನ್ಯವಾಗಿ ಶೇ. 1ರ ಕ್ಲೋಟ್ರಿಮಜೋಲ್ ಆದರೆ ದಿನಕ್ಕೆ 5 ಗ್ರಾಂನಂತೆ 7ರಿಂದ 14 ದಿನ, ಶೇ. 2ರದ್ದಾದರೆ 3 ದಿನ. 500 ಮಿಲಿಗ್ರಾಂನ ಮಾತ್ರೆ ಒಂದೇ ಸಲ. ರಾತ್ರಿ ಮಲಗುವ ಮುಂಚೆ, ಜೊತೆಗೆ ಬರುವ ಅಪ್ಲಿಕೇಟರಿನಿಂದ ಒಳಗೆ ಹಾಕಿ ಹಾಗೆಯೇ ಮಲಗುವುದು. ಹೊರಗೆ ಮಾತ್ರ ಸವರಿಕೊಂಡರೆ ಒಳಗಿನ ಸೋಂಕು ಹಾಗೇ ಉಳಿಯುತ್ತದೆ. ಬೆಳಗ್ಗೆ ಸ್ವಲ್ಪ ಹೊರಗೆ ಬರುತ್ತದೆ, ಪ್ಯಾಡ್ ಇಟ್ಟುಕೊಳ್ಳಿ. ಎರಡು ಮೂರು ದಿನದಲ್ಲಿ ಹಗುರವೆನಿಸುತ್ತದೆ, ಆಗ ನಿಲ್ಲಿಸಬೇಡಿ. ಮುಟ್ಟಾದರೂ ಬಿಡಬೇಡಿ, ಟ್ಯಾಂಪೂನ್ ಮಾತ್ರ ಬೇಡ. ಹೇಳಿದಷ್ಟು ದಿನ ಪೂರ್ತಿ ಹಾಕಿದವರಲ್ಲಿ ನೂರಕ್ಕೆ 80–90 ಮಂದಿಗೆ ವಾಸಿಯಾಗುತ್ತದೆ. ಇನ್ನೊಂದು, ಇವುಗಳಲ್ಲಿ ಹಲವು ಎಣ್ಣೆಯಂಶದವು, ಕಾಂಡೋಮ್‌ನ ರಬ್ಬರನ್ನು ದುರ್ಬಲಗೊಳಿಸುತ್ತವೆ.

ಹಾಗೆಂದು ಈ ಪುಟ ಹಿಡಿದುಕೊಂಡು ಸೀದಾ ಮೆಡಿಕಲ್‌ಗೆ ಹೋಗಬೇಡಿ. ನಿಮಗೆ ಇದು ಮೊದಲ ಸಲ, ಜೊತೆಗೆ ಸ್ಟೀರಾಯ್ಡ್ ಬೇರೆ ಬಿದ್ದಿದೆ. ಬಿಳುಪು ಹೋಗುವುದೆಲ್ಲ ಯೀಸ್ಟ್ ಆಗಿರುವುದಿಲ್ಲ. ಮೀನಿನಂಥ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾದ ತೊಂದರೆ ಇರಬಹುದು, ಈ ಕ್ರೀಮ್ ಅದಕ್ಕೆ ನಾಟುವುದಿಲ್ಲ. ಹಸಿರು ಅಥವಾ ಹಳದಿ ಸ್ರಾವ, ಹುಣ್ಣು, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಕಾಯುವುದೇ ಬೇಡ. ಹೊಟ್ಟೆಯಲ್ಲಿ ಮಗು ಇರುವ ಸಾಧ್ಯತೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಗರ್ಭಿಣಿಯರಿಗೆ ಏಳು ದಿನದ ಕ್ರೀಮನ್ನೇ ಕೊಡುತ್ತಾರೆ, ನುಂಗುವ ಫ್ಲುಕೊನಜೋಲ್ ಮಾತ್ರೆ ಬೇಡವೆನ್ನುತ್ತಾರೆ.

ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸಿದರೆ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ನಮ್ಮ ಕರಾವಳಿಯ ಮನೆಗಳಲ್ಲಿ ‘ಶುಗರ್’ ಇಲ್ಲದವರನ್ನು ಹುಡುಕುವುದೇ ಕಷ್ಟ ಅನ್ನಿಸುವ ಕಾಲ ಇದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ನುಂಗುವವರಿಗೂ ಈ ಸೋಂಕು ಹೆಚ್ಚು. ಅಂಥವರು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಲ್ಲಿ ಮಾತಾಡಲಿ. ನಿಮ್ಮ ಅತ್ತೆಯವರಿಗೂ ಇದನ್ನು ಓದಿ ಹೇಳಬಹುದು. ಆಟಿಯ ಮಳೆಯಲ್ಲಿ ಒಳಉಡುಪು ಒಣಗುವುದಿಲ್ಲ, ನಿಜ. ಒದ್ದೆ ಇರುವಾಗಲೇ ಹಾಕಿಕೊಳ್ಳದೆ ಇಸ್ತ್ರಿ ಹಾಕಿ ಒಣಗಿಸಿ, ಹತ್ತಿಯದನ್ನೇ ಬಳಸಿ.

ಮಂಗಳೂರಿಗೆ ಬರುವುದಾದರೆ ಹೆಂಗಸರಿಗೆಂದೇ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆ ಇದೆ. ಹೋಗುವ ಹಿಂದಿನ ರಾತ್ರಿ ಒಳಗೆ ಯಾವ ಔಷಧಿಯನ್ನೂ ಹಾಕಬೇಡಿ, ಸ್ರಾವದ ಪರೀಕ್ಷೆ ಮಾಡಬೇಕಾಗಬಹುದು. ಆ ಟ್ಯೂಬನ್ನೂ ಜ್ವರದ ಮಾತ್ರೆಯ ಚೀಟಿಯನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ.

– ಸಂಪಾದಕಿ