ಮರುಭೂಮಿ ಉತ್ಸವದಲ್ಲಿ ಮಳೆ ಹಿಡಿದರೆ ಏನು ಮಾಡಬೇಕು?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸನ್ನಿವೇಲ್‌ನಿಂದ ನೆವಾಡಾದ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಹೊರಟಿದ್ದೇವೆ. ಎಂಟು ದಿನ ಇರುವ ಯೋಚನೆ. ಬಿಸಿಲಿಗೆ, ದೂಳಿಗೆ ತಯಾರಾಗಿದ್ದೇವೆ. ನಮ್ಮದು ಫೋರ್ ವೀಲ್ ಡ್ರೈವ್ ಗಾಡಿ. ಮಳೆ ಬಂದರೆ ಹೊರಟುಬಿಡಬಹುದಲ್ಲವೇ?

ಉತ್ತರ: ಆಗುವುದಿಲ್ಲ. ನಿಮ್ಮ ತಯಾರಿ ಈ ಮಾತಿನಿಂದಲೇ ಶುರುವಾಗಬೇಕು. ಉತ್ಸವ ನಡೆಯುವ ಬ್ಲ್ಯಾಕ್ ರಾಕ್ ಮರುಭೂಮಿಯ ಬಯಲಿನಲ್ಲಿ ಮರಳಿಲ್ಲ. ಅದು ಹಿಮಯುಗದ ಲಹಾಂಟನ್ ಸರೋವರ ಬತ್ತಿ ಉಳಿದ ತಳ, ಹಿಟ್ಟಿನಷ್ಟು ನುಣುಪಾದ ಕ್ಷಾರದ ಜೇಡಿಮಣ್ಣು. ಒಣಗಿದ್ದಾಗ ದೂಳಾಗಿ ಏಳುವ ಅದೇ ಮಣ್ಣು ನೆನೆದರೆ ಅಂಟಾಗುತ್ತದೆ. ಟೈರಿನ ಗೀರುಗಳಲ್ಲಿ ತುಂಬಿಕೊಂಡು ಹಿಡಿತ ತಪ್ಪಿಸುತ್ತದೆ, ಮಡ್‌ಗಾರ್ಡಿನೊಳಗೆ ಪದರ ಪದರವಾಗಿ ಮೆತ್ತಿ ಚಕ್ರವನ್ನೇ ನಿಲ್ಲಿಸುತ್ತದೆ. ಹಿಡಿತವೇ ಇಲ್ಲದ ಮೇಲೆ ನಾಲ್ಕು ಚಕ್ರ ತಿರುಗಿದರೂ ನಾಲ್ಕೂ ಹೂತುಕೊಳ್ಳುತ್ತವೆ, ಅಷ್ಟೇ.

2023ರಲ್ಲಿ ಸೆಪ್ಟೆಂಬರ್ 1ರ ಶುಕ್ರವಾರ ಮಳೆ ಹಿಡಿದು ಗೇಟು ಮುಚ್ಚಿದರು. ಸುಮಾರು 70,000 ಜನ ಇದ್ದಲ್ಲೇ ಉಳಿದರು. ವಾಹನ ಹೊರಡಲು ಒಪ್ಪಿಗೆ ಸಿಕ್ಕಿದ್ದು ಸೋಮವಾರ ಮಧ್ಯಾಹ್ನ. ಅದಕ್ಕೇ ನಮ್ಮ ಲೆಕ್ಕ ಹೀಗೆ: ನೀವು ಅಂದುಕೊಂಡ ದಿನಗಳ ಮೇಲೆ ಇನ್ನೂ ಮೂರು ದಿನ.

ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಒಂದೂವರೆ ಗ್ಯಾಲನ್, ಅಂದರೆ 5.7 ಲೀಟರ್ ನೀರು ಬೇಕು. ನಾಲ್ವರಿಗೆ 11 ದಿನಕ್ಕೆ 66 ಗ್ಯಾಲನ್, ಸುಮಾರು 250 ಲೀಟರ್. 5 ಗ್ಯಾಲನ್ನಿನ ಕ್ಯಾನು 14 ಬೇಕಾಗುತ್ತವೆ. ಒಂದೇ ದೊಡ್ಡ ಟ್ಯಾಂಕು ಬೇಡ, ಸೋರಿದರೆ ಎಲ್ಲ ಹೋಯಿತು. ನೀರೊಂದೇ 250 ಕೆ.ಜಿ. ತೂಗುತ್ತದೆ, ಗಾಡಿ ಎಷ್ಟು ಹೊರುತ್ತದೆಂದು ಮೊದಲೇ ನೋಡಿಕೊಳ್ಳಿ. ಪೆಟ್ರೋಲನ್ನು ದಾರಿಯಲ್ಲಿ ಸಿಗುವ ಫರ್ನ್ಲಿ ಅಥವಾ ವಾಡ್ಸ್‌ವರ್ತ್ ಊರಿನಲ್ಲೇ ಪೂರ್ತಿ ತುಂಬಿಸಿ.

ಆ ಮೂರು ದಿನದ ಊಟಕ್ಕೆ ಒಲೆಯನ್ನೂ ಐಸ್ ಪೆಟ್ಟಿಗೆಯನ್ನೂ ನಂಬಬೇಡಿ. ಈ ವಿಷಯದಲ್ಲಿ ನಮ್ಮ ಮನೆಯ ಡಬ್ಬಗಳೇ ವಾಸಿ: ತೆಳು ಅವಲಕ್ಕಿ, ಗೊಜ್ಜಿನ ಪುಡಿ, ಹುರಿಗಡಲೆ, ಚಟ್ನಿಪುಡಿ, ಶೇಂಗಾ ಚಿಕ್ಕಿ. ಗೊಜ್ಜವಲಕ್ಕಿಗೆ ತಣ್ಣೀರು ಸಾಕು. ದಿನವೂ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಅವೂ ಮೂರು ದಿನ ಹೆಚ್ಚಿಗೆ ಇರಲಿ.

ಜನ ಮರೆಯುವುದು ಶೌಚಾಲಯವನ್ನು. ಕೆಸರಿನಲ್ಲಿ ಪಂಪ್ ಲಾರಿ ಬರುವುದಿಲ್ಲ, ಬರದಿದ್ದರೆ ಅಲ್ಲಿನ ಟಾಯ್ಲೆಟ್ಟುಗಳು ತುಂಬುತ್ತವೆ. ಮುಚ್ಚಳವಿರುವ 5 ಗ್ಯಾಲನ್ ಬಕೆಟ್, ದಪ್ಪ ಕಸದ ಚೀಲಗಳು, ಬೆಕ್ಕಿನ ಮಲಕ್ಕೆ ಹಾಕುವ ಹರಳುಮಣ್ಣಿನ ಒಂದು ಮೂಟೆ ಒಯ್ಯಿರಿ. ಚೀಲಗಳನ್ನು ಊರಿಗೇ ವಾಪಸು ತರಬೇಕು.

ಮಳೆ ನಿಂತ ಮೇಲೂ ಅವಸರ ಬೇಡ. ಮೇಲ್ಪದರ ಒಣಗಿ ಬೆಳ್ಳಗಾಗಿರುತ್ತದೆ, ಬೆರಳು ಒತ್ತಿದರೆ ಕೆಳಗೆ ಇನ್ನೂ ಮೆತ್ತಗಿರುತ್ತದೆ. ಬ್ಯಾಟರಿಯ ರೇಡಿಯೊ ಒಯ್ಯಿರಿ, ಉತ್ಸವದ ಬಾನುಲಿ 94.5 ಎಫ್‌ಎಂನಲ್ಲಿ ದಾರಿ ತೆರೆದ ಸುದ್ದಿ ಬಂದ ಮೇಲೆಯೇ ಕೀಲಿ ತಿರುಗಿಸಿ.

ಪ್ರಶ್ನೆ: ಟೆಂಟಿನ ಜೊತೆ ಬಂದ ಗೂಟಗಳು ಸಾಕೇ? ಒಳಗೆ ನೀರು ಬರದಂತೆ ಸುತ್ತ ಕಾಲುವೆ ತೋಡಬಹುದೇ?

ಉತ್ತರ: ಆ ಗೂಟಗಳನ್ನು ಮನೆಯಲ್ಲೇ ಬಿಡಿ. ಅರ್ಧ ಇಂಚು ದಪ್ಪ, ಎರಡು ಅಡಿ ಉದ್ದದ ಕಟ್ಟಡದ ಕಬ್ಬಿಣದ ಸರಳು ಬೇಕು, ತುದಿ ಕೊಕ್ಕೆಯಂತೆ ಬಗ್ಗಿಸಿದ್ದು. ಬಗ್ಗಿಸದ ಸರಳಾದರೆ ತುದಿಗೆ ಟೆನಿಸ್ ಚೆಂಡು ಸಿಕ್ಕಿಸಿ, ಇಲ್ಲದಿದ್ದರೆ ಕತ್ತಲಲ್ಲಿ ಎಡವಿದವರ ಕಾಲು ಸೀಳುತ್ತದೆ. ನೆಲ ನೆನೆದಾಗ ಬಿಗಿ ಸಡಿಲುತ್ತದೆ, ಮಳೆಯಾದ ಮೇಲೆ ಪ್ರತಿ ಹಗ್ಗವನ್ನೂ ಎಳೆದು ನೋಡಿ.

ಕಾಲುವೆ ಬೇಡ. ನೆಲ ಸಮತಟ್ಟು, ನೀರು ಹರಿದುಹೋಗಲು ಇಳಿಜಾರೇ ಇಲ್ಲ. ತೋಡಿದ್ದು ಟೆಂಟಿನ ಪಕ್ಕ ನಿಂತ ಕೊಳವಾಗುತ್ತದೆ, ನೆಲವೂ ಹಾಳು. ಟೆಂಟಿನ ಕೆಳಗಿನ ಟಾರ್ಪಾಲಿನ ಅಂಚು ಹೊರಗೆ ಚಾಚದಂತೆ ಒಳಕ್ಕೆ ಮಡಚಿ. ಚಾಚಿದ್ದರೆ ಅದರ ಮೇಲೆ ಬಿದ್ದ ನೀರೆಲ್ಲ ಹಾಸಿಗೆಯ ಅಡಿಗೆ ಬರುತ್ತದೆ. ಮಡಚುವ ಮಂಚ ಇದ್ದರೆ ತುಂಬ ಒಳ್ಳೆಯದು. ಸುಮಾರು 1,200 ಮೀಟರ್ ಎತ್ತರದ ಜಾಗ, ಒದ್ದೆ ಹತ್ತಿಬಟ್ಟೆಯಲ್ಲಿ ರಾತ್ರಿ ಕಳೆದರೆ ಮೈ ಅಪಾಯದಷ್ಟು ತಣ್ಣಗಾಗಬಹುದು. ಒಬ್ಬೊಬ್ಬರಿಗೂ ಒಂದು ಜೊತೆ ಉಣ್ಣೆ ಬಟ್ಟೆ, ಕಾಲುಚೀಲ ಜಿಪ್ ಚೀಲದಲ್ಲಿ ಹಾಕಿಟ್ಟು, ಮಳೆ ಬರುವ ತನಕ ತೆರೆಯಬೇಡಿ. ಚಳಿಯೆಂದು ಜನರೇಟರನ್ನೋ ಒಲೆಯನ್ನೋ ಟೆಂಟಿನೊಳಗೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ದಯವಿಟ್ಟು ಬೇಡ.

ಗಾಳಿಯ ಮುನ್ಸೂಚನೆ ಆಕಾಶದಲ್ಲೇ ಸಿಗುತ್ತದೆ. ದೂರದ ಗುಡ್ಡದ ಮೇಲಿನ ಕಪ್ಪು ಮೋಡದಿಂದ ಮಳೆಯ ಎಳೆಗಳು ಇಳಿಯುತ್ತಾ ನೆಲ ಮುಟ್ಟುವ ಮೊದಲೇ ಕರಗುತ್ತಿದ್ದರೆ ಎಚ್ಚರ. ಆ ಹನಿಗಳು ಆವಿಯಾಗಿ ತಣಿದ ಗಾಳಿ ಭಾರವಾಗಿ ಕೆಳಗೆ ಅಪ್ಪಳಿಸಿ, ನೆಲದುದ್ದಕ್ಕೂ ದೂಳಿನ ಗೋಡೆ ಎಬ್ಬಿಸಿಕೊಂಡು ಬರುತ್ತದೆ. ಆಗ ನೆರಳಿನ ಬಟ್ಟೆ ಇಳಿಸಿ, ಟೆಂಟಿನ ಜಿಪ್ ಎಳೆದು, ಎನ್95 ಮಾಸ್ಕ್ ಮತ್ತು ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್ ಹಾಕಿಕೊಳ್ಳಿ. ಕರವಸ್ತ್ರ ಆ ನುಣ್ಣನೆಯ ದೂಳನ್ನು ತಡೆಯುವುದಿಲ್ಲ.

ಪ್ರಶ್ನೆ: ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡುವುದೇ ಸುಲಭವಂತೆ, ನಿಜವೇ?

ಉತ್ತರ: ಸುಲಭ ಹೌದು, ಆದರೆ ಕ್ಷಾರ ಚರ್ಮವನ್ನು ಸುಡುತ್ತದೆ, ಹಿಮ್ಮಡಿ ಬಿರಿಯುತ್ತದೆ. ಶೂ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಹಳೆಯ ಕಾಲುಚೀಲ ಎಳೆದುಕೊಂಡರೆ ಮಣ್ಣು ಕಡಿಮೆ ಮೆತ್ತುತ್ತದೆ. ರಾತ್ರಿ ಒಂದು ಪಾಲು ವಿನಿಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಕಾಲು ಒರೆಸಿ, ಆಮೇಲೆ ಬರೀ ನೀರಿನಲ್ಲಿ ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ. ಚರ್ಮ ಈಗಾಗಲೇ ಒಡೆದಿದ್ದರೆ ವಿನಿಗರ್ ಹಾಕದೆ ಅಲ್ಲಿನ ವೈದ್ಯಕೀಯ ಟೆಂಟಿಗೆ ತೋರಿಸಿ.