ಮೂರು ಅಧ್ಯಾಯ ಓದಿದ ಮೇಲೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಸಹೋದರಿಯವರೇ,

ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು. ನಿಮ್ಮ ಪತ್ರ ತಲುಪಿತು. ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ನೀವು ಕೇಳಿಕೊಂಡಿರುವುದರಿಂದ ಎರಡನ್ನೂ ಬಿಟ್ಟು, ಉಳಿದ ಓದುಗರಿಗೆ ಸಂದರ್ಭ ತಿಳಿಯಲೆಂದು ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ.

ಸತ್ಯವೇದವನ್ನು (ಬೈಬಲನ್ನು) ಒಂದು ವರ್ಷದಲ್ಲಿ ಓದಿ ಮುಗಿಸುವ ಪಟ್ಟಿಯನ್ನು ಅನುಸರಿಸಿ ನೀವು ದಿನವೂ ಮನೆಯವರು ಏಳುವ ಮೊದಲೇ ಮೂರು ಅಧ್ಯಾಯ ಓದುತ್ತೀರಿ. ಹೀಗೆ ಹಲವು ವರ್ಷಗಳಿಂದ ನಡೆದಿದೆ. ಆದರೂ ನಿಮ್ಮ ಅತ್ತೆಯವರು ಈಚೆಗೆ, “ಇಷ್ಟೆಲ್ಲ ಓದುತ್ತೀಯ, ಮಾತಿನ ಮೊನಚು ಮಾತ್ರ ಹಾಗೇ ಇದೆಯಲ್ಲಮ್ಮ” ಎಂದರು. ಆ ಮಾತು ನಿಮ್ಮನ್ನು ಚುಚ್ಚಿತು, ಏಕೆಂದರೆ ಅದು ಸುಳ್ಳಲ್ಲವೆಂದು ನಿಮಗೇ ಅನ್ನಿಸಿತು. ಇದರ ಜೊತೆಗೆ ಮನೆಯಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಮೈದುನ ಕೆಲಸಕ್ಕೆ ನೆಟ್ಟಗೆ ಹೋಗುವುದಿಲ್ಲ, ಕುಡಿತದ ಚಟವಿದೆ, ತಿಂಗಳು ತಿಂಗಳು ಕೈಸಾಲ ಕೇಳಿಕೊಂಡು ಬರುತ್ತಾನೆ. ದುಡಿಯಲು ಒಲ್ಲದವನು ಊಟವನ್ನೂ ಮಾಡಬಾರದೆಂದು, ಆದಿ ಸಭೆಗಳಿಗೆ ಪತ್ರಿಕೆಗಳನ್ನು ಬರೆದ ಅಪೊಸ್ತಲ ಪೌಲನೇ ಹೇಳಿದ್ದಾನಲ್ಲ ಎಂದು ನಿಮ್ಮ ಯಜಮಾನರು ವಾದಿಸುತ್ತಾರೆ. ಕೇಳುವವನಿಗೆ ಕೊಡೆಂದು ಕರ್ತನಾದ ಯೇಸುವೇ ಹೇಳಿದ್ದಾನಲ್ಲ ಎಂದು ಅತ್ತೆಯವರು ತಿರುಗಿ ಹೇಳುತ್ತಾರೆ. ಪ್ರೀತಿ ಒಂದು ಕಡೆಗೆ, ವಿವೇಕ ಇನ್ನೊಂದು ಕಡೆಗೆ ಎಳೆಯುತ್ತಿರುವಾಗ ನಾನು ಯಾವುದಕ್ಕೆ ಕಿವಿಗೊಡಲಿ, ನನ್ನ ಓದಿನಿಂದ ಇದಕ್ಕೆ ಬೆಳಕು ಯಾಕೆ ಸಿಗುತ್ತಿಲ್ಲ ಎಂದು ನೀವು ಕೇಳಿದ್ದೀರಿ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇತರರ ತಪ್ಪಿನ ಪಟ್ಟಿಯೇ ಉದ್ದವಾಗಿರುತ್ತದೆ. ನಿಮ್ಮ ಪತ್ರ ಹಾಗಿಲ್ಲದಿರುವುದರಿಂದಲೇ ವಿವರವಾಗಿ ಉತ್ತರಿಸುವ ಮನಸ್ಸಾಯಿತು.

ಪ್ರೀತಿ ಮತ್ತು ವಿವೇಕ ಎರಡು ಕಡೆ ಎಳೆಯುತ್ತವೆ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನಗೆ ಒಪ್ಪಿಗೆಯಾಗದಿರುವುದು ಅದೊಂದೇ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದ 9 ಮತ್ತು 10ನೆಯ ವಚನಗಳಲ್ಲಿ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಪಟ್ಟಣದ ಕ್ರೈಸ್ತ ಸಭೆಗಾಗಿ ಮಾಡಿದ ಪ್ರಾರ್ಥನೆಯೊಂದಿದೆ. ಅವರ ಪ್ರೀತಿ ಹೆಚ್ಚುತ್ತಾ ಹೋಗಲಿ, ತಿಳಿವಳಿಕೆಯಿಂದಲೂ ವಿವೇಕದಿಂದಲೂ ಕೂಡಿ ಹೆಚ್ಚಲಿ, ಹೀಗೆ ಅವರು ಉತ್ತಮವಾದದ್ದು ಯಾವುದೆಂದು ಗುರುತಿಸುವಂಥವರಾಗಲಿ ಎಂಬುದು ಅದರ ಸಾರ. ಪ್ರೀತಿ ಅತಿಯಾಯಿತು, ಅದಕ್ಕೆ ವಿವೇಕದ ಕಡಿವಾಣ ಹಾಕಿರಿ ಎಂದು ಅವನು ಬರೆಯಲಿಲ್ಲ. ಬೆಳೆಯಬೇಕಾದದ್ದು ಪ್ರೀತಿಯೇ, ಎದುರಿಗಿರುವ ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಯಾವುದೆಂದು ಅದು ಕಾಣಬಲ್ಲದ್ದಾಗಬೇಕು, ಅಷ್ಟೆ. ಮೈದುನನ ಬಗ್ಗೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದದಲ್ಲಿ ಪ್ರೀತಿಯ ಪಕ್ಷ, ವಿವೇಕದ ಪಕ್ಷ ಎಂದು ಎರಡು ಪಕ್ಷಗಳಿಲ್ಲ. ಎರಡು ವಚನಗಳಿವೆ, ಎರಡನ್ನೂ ಅವುಗಳ ಸ್ಥಳದಿಂದ ಕಿತ್ತು ತರಲಾಗಿದೆ.

ಮೊದಲು ನಿಮ್ಮ ಯಜಮಾನರ ವಚನವನ್ನು ಅದರ ಸ್ಥಳದಲ್ಲಿಟ್ಟು ನೋಡೋಣ. ಅದು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯದ 10ನೆಯ ವಚನ. ಅಲ್ಲಿ ಹೇಳಿರುವುದು ಕೆಲಸ ಮಾಡಲು ಒಲ್ಲದವನ ವಿಷಯ, ಕೆಲಸ ಮಾಡಲಾಗದವನ ವಿಷಯವಲ್ಲ. ಕುಡಿತಕ್ಕೆ ಬಿದ್ದವನು ಈ ಎರಡರಲ್ಲಿ ಯಾವ ಗುಂಪಿಗೆ ಸೇರುತ್ತಾನೆಂಬುದು ಹೊರಗಿನಿಂದ ನೋಡಿ ಒಂದೇ ಏಟಿಗೆ ಹೇಳುವಂಥದ್ದಲ್ಲ. ಅದು ಬಹುಮಟ್ಟಿಗೆ ರೋಗವೂ ಹೌದು. ಇನ್ನು ಈ ಮಾತನ್ನು ಬರೆದವನು ತಾನು ಯಾರಿಗೂ ಭಾರವಾಗಬಾರದೆಂದು ಅವರ ನಡುವೆ ಹಗಲಿರುಳು ದುಡಿದವನು. ಮೂರು ವಚನಗಳು ಕಳೆಯುವಷ್ಟರಲ್ಲಿ ಅವನು ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಗೊಳ್ಳಬೇಡಿರಿ ಎನ್ನುತ್ತಾನೆ. 15ನೆಯ ವಚನಕ್ಕೆ ಬಂದರೆ, ಮಾತು ಕೇಳದವನನ್ನು ವೈರಿಯೆಂದು ಎಣಿಸದೆ ಸಹೋದರನೆಂದು ಬುದ್ಧಿ ಹೇಳಿರಿ ಎನ್ನುತ್ತಾನೆ. ನಿಮ್ಮ ಯಜಮಾನರ ವಿಷಯದಲ್ಲಿ ಆ ಹುಡುಗ ಒಡಹುಟ್ಟಿದ ತಮ್ಮನೇ. 10ನೆಯ ವಚನವನ್ನು ಹೇಳಿ 15ನೆಯದನ್ನು ಬಿಟ್ಟರೆ ಅರ್ಧ ಮಾತು ಹೇಳಿದಂತೆ.

ಅತ್ತೆಯವರ ವಚನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ 42ನೆಯದು. ಅದು ಬರುವುದು ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬ ನಿಯಮವನ್ನು ಕರ್ತನು ಎತ್ತಿಕೊಂಡು, ಕೇಡಿಗೆ ಕೇಡನ್ನು ತೀರಿಸಬೇಡಿರಿ ಎಂದು ಬೋಧಿಸುವ ಭಾಗದ ಕೊನೆಯಲ್ಲಿ. ಹಳೆಯ ಹಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇವನಿಗೆ ಹೀಗೇ ಆಗಬೇಕೆಂದು ಕೈ ಬಿಗಿಹಿಡಿಯುವವನನ್ನು ಆ ಮಾತು ಹಿಡಿದು ನಿಲ್ಲಿಸುತ್ತದೆ. ನೀವು ಹಣವಿಲ್ಲ ಎಂದು ಹೇಳಬೇಕಾಗಿ ಬಂದಾಗ, ಅದು ಅವನ ಒಳಿತಿಗಾಗಿಯೋ ಅಥವಾ ಕಳೆದ ಬಾರಿ ಅವನು ಆಡಿದ ಮಾತಿಗೆ ಪ್ರತಿಯಾಗಿಯೋ ಎಂದು ಕೇಳಿಕೊಳ್ಳುವಂತೆ ಈ ವಚನ ಮಾಡಬೇಕು. ಆದರೆ ಕೇಳುವವನಿಗೆ ಕೊಡು ಎಂಬ ಮಾತು ಕೇಳಿಸಿಕೊಂಡವರ ಸ್ವಂತ ಚೀಲಕ್ಕೆ ಸಂಬಂಧಿಸಿದ್ದು. ಅದನ್ನು ತೋರಿಸಿ ಇನ್ನೊಬ್ಬರ ಚೀಲವನ್ನು ಬಿಚ್ಚಿಸುವುದು ಹಿರಿಯರಿಗಾದರೂ ಅಷ್ಟು ಸುಲಭವಾಗಬಾರದು. ಈ ವಾಕ್ಯವನ್ನು ಅತ್ತೆಯವರಿಗೆ ಓದಿ ಹೇಳಬೇಡಿ ಎಂದು ಬೇರೆಯಾಗಿ ಬರೆಯಬೇಕಾಗಿಲ್ಲವೆಂದು ನಂಬಿದ್ದೇನೆ.

ನಾನು ಮಾಡಿದ್ದರಲ್ಲಿ ಪಾಂಡಿತ್ಯವೇನೂ ಇಲ್ಲ. ವಚನದ ಹಿಂದೆ ಮುಂದೆ ಹತ್ತು ಸಾಲು ನಿಧಾನವಾಗಿ ಓದಿದೆ, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದ್ದೆಂದು ಕೇಳಿದೆ. ಈ ಎರಡು ಭಾಗಗಳನ್ನೂ ನೀವು ಪ್ರತಿ ವರ್ಷ ಒಮ್ಮೆಯಾದರೂ ದಾಟಿಹೋಗಿದ್ದೀರಿ. ಆದರೆ 66 ಪುಸ್ತಕಗಳ 1189 ಅಧ್ಯಾಯಗಳನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚೇ ಬೀಳುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಆರು, ಏಳು. ಬಾಕಿ ತೀರಿಸುವ ಅವಸರದಲ್ಲಿ ಓದುವವನಿಗೆ ತನಗೆ ಮೊದಲೇ ಗೊತ್ತಿದ್ದ ವಚನಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಪಟ್ಟಿಯ ಓದಿನಿಂದ ಇಡೀ ಗ್ರಂಥದ ಪರಿಚಯವಾಗುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪರಿಚಯ ಬೇರೆ, ಧ್ಯಾನ ಬೇರೆ. ನಾಲಿಗೆಯ ಮೊನಚು ಹೋಗದೆ ಉಳಿದದ್ದಕ್ಕೆ ನಿಮ್ಮ ಭಕ್ತಿಯ ಕೊರತೆ ಕಾರಣವೆಂದು ನನಗೆ ತೋರುವುದಿಲ್ಲ. ಓದಿದ್ದು ನಿಮ್ಮ ಬಳಿ ನಿಲ್ಲುವುದಕ್ಕೆ ಸಮಯ ಸಿಕ್ಕಿಲ್ಲ. ಇನ್ನೂ ಒಂದು ಅಪಾಯವಿದೆ: ಹೆಚ್ಚು ವಚನಗಳು ಬಾಯಿಗೆ ಬಂದಷ್ಟೂ ಯಾವ ವಚನ ಯಾರಿಗೆ ಅನ್ವಯಿಸುತ್ತದೆಂಬ ಲೆಕ್ಕ ಚುರುಕಾಗುತ್ತದೆ, ಆ ಲೆಕ್ಕದಲ್ಲಿ ನಾವು ಮಾತ್ರ ಇರುವುದಿಲ್ಲ. ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎಂದು ಪೌಲನು ಕೊರಿಂಥದವರಿಗೆ ಬರೆದದ್ದು ದೇವರ ವಿಷಯಗಳನ್ನು ಚೆನ್ನಾಗಿ ಅರಿತಿದ್ದೇವೆಂದುಕೊಂಡವರಿಗೇ.

ಹಾಗಾದರೆ ಹೇಗೆ ಓದಬೇಕು? ನನ್ನ ಸಲಹೆ, ಒಂದು ತಿಂಗಳು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯೊಂದನ್ನೇ ಹಿಡಿಯಿರಿ. ನಾಲ್ಕೇ ಅಧ್ಯಾಯ, 104 ವಚನ. ಮೊದಲ ದಿನ ಇಡೀ ಪತ್ರಿಕೆಯನ್ನು ಒಂದೇ ಕೂತಿಗೆ, ಸಾಧ್ಯವಾದರೆ ಗಟ್ಟಿಯಾಗಿ ಓದಿರಿ, ಏಕೆಂದರೆ ಅದು ಫಿಲಿಪ್ಪಿಗೆ ತಲುಪಿದಾಗ ಸಭೆ ಕೂಡಿದ್ದಾಗ ಓದಿ ಕೇಳಿಸಿದ ಪತ್ರ. ಕೇಳಲು ಕೂತಿದ್ದವರು ಯಾರೆಂದು ತಿಳಿಯಲು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಜೊತೆಗೆ ಓದಿಕೊಳ್ಳಿ: ಆ ಸಭೆ ಹುಟ್ಟಿದ್ದು ಥುವತೈರದಿಂದ ಬಂದು ಧೂಮ್ರವರ್ಣದ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಲುದ್ಯಳ ಮನೆಯಲ್ಲಿ, ಮತ್ತು ಪೌಲನ ಹಾಗೂ ಅವನ ಜೊತೆಗಾರ ಸೀಲನ ಕಾಲಿಗೆ ಕೋಳ ಬಿಗಿದು ಅದೇ ರಾತ್ರಿ ಅವರ ಗಾಯಗಳನ್ನು ತೊಳೆದ ಸೆರೆಮನೆಯ ಅಧಿಕಾರಿಯ ಮನೆಯಲ್ಲಿ.

ಆಮೇಲೆ ದಿನಕ್ಕೆ ನಾಲ್ಕೈದು ವಚನ ಸಾಕು. ಉದಾಹರಣೆಗೆ ನಾಲ್ಕನೆಯ ಅಧ್ಯಾಯದ 2 ಮತ್ತು 3ನೆಯ ವಚನಗಳು. ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರ ನಡುವೆ ಏನೋ ಮನಸ್ತಾಪವಿತ್ತು. ಏನೆಂದು ಪೌಲನು ಹೇಳುವುದಿಲ್ಲ, ಯಾರದು ಸರಿ ಯಾರದು ತಪ್ಪು ಎಂದೂ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಸೇರಿಸಿ ಗದರಿಸುವುದಿಲ್ಲ. ಒಬ್ಬೊಬ್ಬಳ ಹೆಸರು ಹಿಡಿದು, ಒಬ್ಬೊಬ್ಬಳನ್ನೂ ಬೇರೆಬೇರೆಯಾಗಿ ಬೇಡಿಕೊಳ್ಳುತ್ತಾನೆ. ನೀವೇ ಸರಿಮಾಡಿಕೊಳ್ಳಿ ಎಂದು ಕೈಬಿಡದೆ, ಜೊತೆಯಲ್ಲಿದ್ದ ಇನ್ನೊಬ್ಬನನ್ನು ಅವರ ಸಹಾಯಕ್ಕೆ ಹೋಗೆಂದು ಕೇಳುತ್ತಾನೆ. ಇವರಿಬ್ಬರೂ ಸುವಾರ್ತೆಗಾಗಿ ತನ್ನೊಡನೆ ಪ್ರಯಾಸಪಟ್ಟವರು ಎಂಬುದನ್ನು ಇಡೀ ಸಭೆ ಕೇಳುವಂತೆ ಹೇಳುತ್ತಾನೆ. ಮೊದಲನೆಯ ಅಧ್ಯಾಯದಲ್ಲಿ ಪ್ರಾರ್ಥಿಸಿದ ಪ್ರೀತಿ ಮನೆಯ ಜಗಳದ ನಡುವೆ ಹೇಗಿರುತ್ತದೆಂದು ನಾಲ್ಕನೆಯ ಅಧ್ಯಾಯದಲ್ಲಿ ಅವನೇ ನಡೆದು ತೋರಿಸಿದ್ದಾನೆ. ಇಷ್ಟನ್ನು ನೋಡಿದ ಮೇಲೆ ಪುಸ್ತಕ ಮುಚ್ಚಿ, ಇಂದು ನಾನು ಅತ್ತೆಯವರೊಡನೆ ಮಾತಾಡುವಾಗ ಇದರಲ್ಲಿ ಯಾವುದನ್ನು ಮಾಡಬಲ್ಲೆ ಎಂದು ಕೇಳಿಕೊಳ್ಳಿ. ಅವರು ಈ ಮನೆಗಾಗಿ ಪಟ್ಟ ಪ್ರಯಾಸವನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಯಿತೆಂದು ನೆನಪು ಮಾಡಿಕೊಳ್ಳುವುದು ಒಂದು ದಿನದ ಧ್ಯಾನಕ್ಕೆ ಸಾಕು. ಧ್ಯಾನದ ಫಲವನ್ನು ಬರೆದಿಡಲು ನೋಟ್‌ಬುಕ್ ಇಡಬೇಕೇ ಎಂದೂ ಕೇಳಿದ್ದೀರಿ. ಇಡಬಹುದು. ಆದರೆ ಅದರಲ್ಲಿ ಇತರರ ಹೆಸರುಗಳೇ ಹೆಚ್ಚಾಗಿ ಬರುತ್ತಿದ್ದರೆ ಒಮ್ಮೆ ನಿಂತು ನೋಡಿ.

ಸ್ವಂತವಾಗಿ ಓದಿ ಅರ್ಥಮಾಡಿಕೊಳ್ಳುವುದು ಅಪಾಯ, ಪೇತ್ರನ ಎರಡನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲೇ ಅದನ್ನು ಬೇಡವೆಂದಿದೆ ಎಂದು ನಿಮ್ಮ ಸಭೆಯ ಹಿರಿಯರೊಬ್ಬರು ಹೇಳಿದ್ದನ್ನು ಬರೆದಿದ್ದೀರಿ. ಆ ಭಾಗ ಹೇಳುವುದು ಪ್ರವಾದನೆ ಮನುಷ್ಯರ ಇಚ್ಛೆಯಿಂದ ಹುಟ್ಟಲಿಲ್ಲ, ಪವಿತ್ರಾತ್ಮಪ್ರೇರಿತರಾದವರು ದೇವರಿಂದ ಹೊಂದಿ ಮಾತಾಡಿದರು ಎಂಬುದನ್ನು. ಪೌಲನ ಬೋಧನೆಯನ್ನು ಕೂಡ ಶಾಸ್ತ್ರಗ್ರಂಥಗಳೊಂದಿಗೆ ಹೋಲಿಸಿ ದಿನವೂ ಪರೀಕ್ಷಿಸಿದ ಬೆರೋಯ ಪಟ್ಟಣದವರನ್ನು ಲೂಕನು ಅಪೊಸ್ತಲರ ಕೃತ್ಯಗಳಲ್ಲಿ ಮೆಚ್ಚಿ ಬರೆದಿದ್ದಾನೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾದದ್ದು ಜನರು ಅದನ್ನು ತಮ್ಮ ಮನೆಯಲ್ಲಿ ತೆರೆದು ಓದಲೆಂದೇ. ಹಾಗಿದ್ದರೂ ಹಿರಿಯರ ಆತಂಕದಲ್ಲಿ ಹುರುಳಿಲ್ಲದಿಲ್ಲ. ಒಬ್ಬರೇ ಕೂತು ಓದುವಾಗ ನಮಗೆ ಬೇಕಾದದ್ದೇ ಕೇಳಿಸುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ನಿಮಗೆ ಅರ್ಥವಾದದ್ದನ್ನು ನಿಮ್ಮನ್ನು ಬಲ್ಲ, ನಿಮ್ಮ ಮಾತಿಗೆಲ್ಲ ತಲೆಯಾಡಿಸದ ಒಬ್ಬ ಸಹೋದರಿಯ ಮುಂದೆ ಇಡಿ.

ಇನ್ನು ಮೈದುನನ ಮಾತು. ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಸಮಾರ್ಯದವನನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಓದಿ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದ ಒಬ್ಬನನ್ನು ಕಂಡು ಅವನು ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಗಾಯಗೊಂಡವನನ್ನು ತನ್ನ ವಾಹನದ ಮೇಲೆ ಕೂಡಿಸಿ ಛತ್ರಕ್ಕೆ ಕರೆತಂದ, ಆ ರಾತ್ರಿ ಆರೈಕೆ ಮಾಡಿದ. ಮರುದಿನ ಎರಡು ಬೆಳ್ಳಿ ನಾಣ್ಯ ತೆಗೆದ. ಒಂದು ನಾಣ್ಯ ಆಗಿನ ಕೂಲಿಯವನ ಒಂದು ದಿನದ ಸಂಬಳ. ಅದನ್ನು ಕೊಟ್ಟದ್ದು ಛತ್ರದವನ ಕೈಗೆ. ಇನ್ನೂ ಖರ್ಚಾದರೆ ಹಿಂದಿರುಗಿ ಬರುವಾಗ ಕೊಡುತ್ತೇನೆ ಎಂದ, ತನ್ನ ಪ್ರಯಾಣವನ್ನು ಮುಂದುವರಿಸಿದ. ಇಲ್ಲಿ ಕೈ ಬಿಗಿಹಿಡಿದದ್ದಿಲ್ಲ, ಕಣ್ಣು ಮುಚ್ಚಿ ಕೊಟ್ಟದ್ದೂ ಇಲ್ಲ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿಯೂ ಕ್ರಮತಪ್ಪಿ ನಡೆಯುವವರಿಗೆ ಬುದ್ಧಿ ಹೇಳಿ, ಮನಗುಂದಿದವರಿಗೆ ಧೈರ್ಯ ತುಂಬಿ, ಬಲಹೀನರಿಗೆ ಆಧಾರವಾಗಿ, ಎಲ್ಲರೊಡನೆ ತಾಳ್ಮೆಯಿಂದಿರಿ ಎಂದು ಬೇರೆಬೇರೆ ಜನರಿಗೆ ಬೇರೆಬೇರೆ ಮದ್ದು ಹೇಳಿದೆ. ನಿಮ್ಮ ಮೈದುನ ಬಹುಶಃ ಮೂರೂ ಆಗಿರಬಹುದು, ಬೇರೆಬೇರೆ ದಿನಗಳಲ್ಲಿ.

ಆದ್ದರಿಂದ ಅವನ ಕೈಗೆ ನಗದು ಕೊಡುವುದನ್ನು ನಿಲ್ಲಿಸುವುದು ಪ್ರೀತಿಯ ಕೊರತೆಯೆಂದು ನಾನು ಎಣಿಸುವುದಿಲ್ಲ. ಬಂದಾಗ ಊಟಕ್ಕೆ ಎಲೆ ಹಾಕಿ. ಹೆಂಡತಿ ಮಕ್ಕಳಿದ್ದರೆ ಮನೆಯ ದಿನಸಿಯನ್ನೋ ಶಾಲೆಯ ಶುಲ್ಕವನ್ನೋ ನೇರವಾಗಿ ಸಲ್ಲಿಸಿ. ಚಟ ಬಿಡಿಸುವ ಚಿಕಿತ್ಸೆಗೆ ಒಪ್ಪಿದ ದಿನ ಆ ಖರ್ಚನ್ನು ನಾವು ವಹಿಸುತ್ತೇವೆಂದು ಅವನಿಗೆ ಸ್ಪಷ್ಟವಾಗಿ, ಅವನು ಕುಡಿಯದೆ ಇರುವ ಹೊತ್ತಿನಲ್ಲಿ ಹೇಳಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಕೂಟಗಳಿಗೆ ಶುಲ್ಕವಿಲ್ಲ. ಮಾತನ್ನು ಅಣ್ಣನೇ ಆಡಲಿ, ನೀವು ಮುಂದೆ ನಿಲ್ಲಬೇಡಿ. ಅತ್ತಿಗೆ ತಡೆದಳು ಎಂಬ ಮಾತು ಹುಟ್ಟಿದರೆ ಒಳ್ಳೆಯ ತೀರ್ಮಾನವೂ ಹಾಳಾಗುತ್ತದೆ. ಮೂವರೂ ಕೂತು ನಿರ್ಧರಿಸುವ ಮೊದಲು ಮನೆಯ ಪ್ರಾರ್ಥನೆಯಲ್ಲಿ ಆ ಎರಡೂ ಭಾಗಗಳನ್ನು, ಹಿಂದುಮುಂದಿನ ವಚನಗಳೊಡನೆ, ಯಾವ ವಿವರಣೆಯನ್ನೂ ಸೇರಿಸದೆ ಓದಿಸಿ. ಅತ್ತೆಯವರ ವಚನವನ್ನು ನಿಮ್ಮ ಯಜಮಾನರು ಓದಲಿ, ಯಜಮಾನರ ವಚನವನ್ನು ಅತ್ತೆಯವರು ಓದಲಿ.

ಪಟ್ಟಿಯನ್ನು ಬಿಡಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ: ಎರಡಕ್ಕೂ ಹೊತ್ತು ಸಿಗುವುದಾದರೆ ಬಿಡಬೇಕಾಗಿಲ್ಲ, ಎರಡು ವರ್ಷಕ್ಕೆ ಹಂಚಿಕೊಂಡರೆ ದಿನಕ್ಕೆ ಸುಮಾರು ಒಂದೂವರೆ ಅಧ್ಯಾಯಕ್ಕೆ ಇಳಿಯುತ್ತದೆ. ಒಂದಕ್ಕೆ ಮಾತ್ರ ಹೊತ್ತಿರುವುದಾದರೆ ಈ ವರ್ಷ ಪಟ್ಟಿಯನ್ನು ಬದಿಗಿಡಿ.

ಕರ್ತನಲ್ಲಿ ನಿಮ್ಮ,
ಸಂಪಾದಕ