ಹಾಫ್‌ಟ್ರ್ಯಾಕ್ ತಿರುಗುತ್ತಿಲ್ಲವೇ? ಸರ್ವೊ ಬದಲಿಸಬೇಡಿ, ಸ್ಪ್ರಾಕೆಟ್ ಆಕ್ಸಲ್ ನೋಡಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಹಾನೊಮಾಗ್ 251 ಎಂಬ ಜರ್ಮನ್ ಹಾಫ್‌ಟ್ರ್ಯಾಕ್‌ನ (ಮುಂದೆ ಚಕ್ರ, ಹಿಂದೆ ಟ್ಯಾಂಕ್‌ನಂಥ ಟ್ರ್ಯಾಕ್ ಪಟ್ಟಿ ಇರುವ ಸೇನಾ ಗಾಡಿ) 1/16 ಅಳತೆಯ ರಿಮೋಟ್ ಮಾಡೆಲ್‌ಗೆ ಒಂದು ಗೇರ್ ಮೋಟರ್ ಕೂರಿಸಿದ್ದೀರಿ. ಎರಡೂ ಸ್ಪ್ರಾಕೆಟ್‌ಗಳನ್ನು (ಟ್ರ್ಯಾಕ್ ಓಡಿಸುವ ಹಲ್ಲಿನ ಚಕ್ರಗಳನ್ನು) ಒಂದೇ ಉಕ್ಕಿನ ಸರಳಿಗೆ ಬಿಗಿದಿದ್ದೀರಿ. ಮುಂದಿನ ಚಕ್ರ ಪೂರ್ತಿ ತಿರುಗಿದರೂ ಗಾಡಿ ನೇರಕ್ಕೇ ಹೋಗುತ್ತಿದೆ, ಇನ್ನೂ ಬಲವಾದ ಸರ್ವೊ (ಮುಂದಿನ ಚಕ್ರ ತಿರುಗಿಸುವ ಸಣ್ಣ ಮೋಟರ್) ಹಾಕಲೇ ಎಂದು ಕೇಳಿದ್ದೀರಿ. ಬೇಡ. ಸರ್ವೊ ತನ್ನ ಕೆಲಸ ಮಾಡುತ್ತಿದೆ. ತೊಂದರೆ ಇರುವುದು ಆ ಸರಳಿನಲ್ಲಿ. ನನ್ನ ಮೊದಲ ಹಾಫ್‌ಟ್ರ್ಯಾಕ್‌ನಲ್ಲಿ ನಾನೂ ಹೀಗೇ ಮಾಡಿ, ಒಂದು ಸರ್ವೊದ ಗೇರ್ ಹಲ್ಲು ಮುರಿದುಕೊಂಡಿದ್ದೆ.

ತಿರುವಿನಲ್ಲಿ ಹೊರಗಿನ ಟ್ರ್ಯಾಕ್ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಒಂದೇ ಸರಳು ಎರಡನ್ನೂ ಒಂದೇ ವೇಗದಲ್ಲಿ ಓಡಿಸುತ್ತದೆ. ಟ್ರ್ಯಾಕ್‌ಗೆ ನೆಲದ ಮೇಲೆ ಉದ್ದನೆಯ ಹಿಡಿತ, ಮುಂದಿನ ಎರಡು ಸಣ್ಣ ಟೈರ್‌ಗೆ ಅದನ್ನು ಎಳೆದು ತಿರುಗಿಸುವ ಶಕ್ತಿ ಇಲ್ಲ. ಅವು ಸುಮ್ನೆ ಜಾರುತ್ತವೆ.

ನಿಜವಾದ ಗಾಡಿಗಳಲ್ಲೂ ಇದಕ್ಕೆ ದಾರಿ ಹುಡುಕಲೇಬೇಕಾಯಿತು. ಅಮೆರಿಕದ ಎಂ3 ಹಾಫ್‌ಟ್ರ್ಯಾಕ್‌ನಲ್ಲಿ ಸ್ಟೀರಿಂಗ್ ಮುಂದಿನ ಚಕ್ರದಿಂದ ಮಾತ್ರ. ಆದರೆ ಆ ಚಕ್ರಗಳಿಗೂ ಎಂಜಿನ್ ಶಕ್ತಿ ಹೋಗುತ್ತದೆ, ಟ್ರ್ಯಾಕ್‌ಗಳ ನಡುವೆ ಮಾಮೂಲಿ ಡಿಫರೆನ್ಷಿಯಲ್ (ಎರಡು ಕಡೆಗೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇದೆ. ಜರ್ಮನಿಯ 251ರಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಇಲ್ಲ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದಾಗ ಚಕ್ರ ಮಾತ್ರ ತಿರುಗುತ್ತದೆ, ಜಾಸ್ತಿ ತಿರುಗಿಸಿದರೆ ಒಳಗಿನ ಟ್ರ್ಯಾಕ್‌ಗೆ ಬ್ರೇಕ್ ಬೀಳುತ್ತದೆ. ನಿಮ್ಮ ಮಾಡೆಲ್‌ಗೂ ಇದೇ ಬೇಕು.

ಎಷ್ಟು ವ್ಯತ್ಯಾಸ ಬೇಕು? ಲೆಕ್ಕ ಸುಲಭ. ಮುಂದಿನ ಆಕ್ಸಲ್‌ನಿಂದ ಟ್ರ್ಯಾಕ್ ನೆಲಕ್ಕೆ ತಾಗುವ ಭಾಗದ ನಡುವಿಗೆ 180 ಮಿ.ಮೀ. ಇದೆ ಎಂದುಕೊಳ್ಳಿ. ಚಕ್ರ 25 ಡಿಗ್ರಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 386 ಮಿ.ಮೀ. ಎರಡು ಟ್ರ್ಯಾಕ್‌ಗಳ ನಡುವೆ 100 ಮಿ.ಮೀ. ಅಂತರವಿದ್ದರೆ ಒಳಗಿನದು 336ರ ಮೇಲೆ ಓಡುತ್ತದೆ, ಹೊರಗಿನದು 436ರ ಮೇಲೆ. ಅಂದರೆ ಒಳಗಿನ ಟ್ರ್ಯಾಕ್‌ಗೆ ಹೊರಗಿನದರ ಶೇ. 77ರಷ್ಟು ವೇಗ ಸಾಕು. ಟ್ಯಾಂಕ್ ತರಹ ಒಂದನ್ನು ಹಿಂದಕ್ಕೆ ಓಡಿಸುವ ಅಗತ್ಯವೇ ಇಲ್ಲ.

ಸರಳು ಕತ್ತರಿಸಿ, ಸಣ್ಣ ಆರ್‌ಸಿ (ರಿಮೋಟ್) ಕಾರಿನ ಡಿಫರೆನ್ಷಿಯಲ್ ಹಾಕುವುದು ಒಂದು ದಾರಿ. ಕಡಿಮೆ ಕೆಲಸ. ಆದರೆ ಒಂದು ಕಡೆಯ ಟ್ರ್ಯಾಕ್ ಬಿಗಿ, ಇನ್ನೊಂದು ಸಡಿಲ ಇದ್ದರೆ ಗಾಡಿ ಬಿಗಿಯಾದ ಕಡೆಗೇ ಎಳೆಯುತ್ತದೆ. ನನಗೆ ಇಷ್ಟವಾದದ್ದು ಎರಡು ಗೇರ್ ಮೋಟರ್, ಎರಡು ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್), ರಿಮೋಟ್‌ನಲ್ಲಿ ಮಿಕ್ಸಿಂಗ್, ಅಂದರೆ ಸ್ಟೀರಿಂಗ್ ತಿರುಗಿಸಿದಷ್ಟು ಎರಡು ಮೋಟರ್‌ಗಳ ವೇಗವೂ ಬದಲಾಗುವ ಹೊಂದಿಕೆ. ಟ್ಯಾಂಕ್‌ಗೆಂದೇ ಬರುವ ಮಿಕ್ಸಿಂಗ್ ಬೇಡ, ನಿಂತಲ್ಲೇ ಸ್ಟೀರಿಂಗ್ ಒತ್ತಿದರೂ ಟ್ರ್ಯಾಕ್‌ಗಳು ಎದುರುಬದುರಾಗಿ ಓಡುತ್ತವೆ. ಹಾಫ್‌ಟ್ರ್ಯಾಕ್ ನಿಂತಾಗ ಅವು ಅಲುಗಬಾರದು, ಅಲ್ವಾ? ಎಡ್ಜ್‌ಟಿಎಕ್ಸ್ ಎಂಬ ಸಾಫ್ಟ್‌ವೇರ್ ಇರುವ ರಿಮೋಟ್‌ನಲ್ಲಿ ಸ್ಟೀರಿಂಗ್ ಮಿಕ್ಸ್ ಅನ್ನು ಥ್ರಾಟಲ್‌ನಿಂದ ಗುಣಿಸುವಂತೆ ಇಡಬಹುದು. ಮೇಲಿನ ಲೆಕ್ಕಕ್ಕೆ (386ಕ್ಕೆ 50 ಹೆಚ್ಚು, 50 ಕಡಿಮೆ) ಹೊರಗಿನದಕ್ಕೆ ಶೇ. 13 ಜಾಸ್ತಿ, ಒಳಗಿನದಕ್ಕೆ ಶೇ. 13 ಕಡಿಮೆ ಎಂದು ಶುರು ಮಾಡಿ. ಟ್ರ್ಯಾಕ್ ಸ್ವಲ್ಪ ಜಾರುವುದರಿಂದ ಆಮೇಲೆ ಏರಿಸಬೇಕಾಗುತ್ತದೆ.

ಎರಡೂ ಇಎಸ್‌ಸಿಯಲ್ಲಿ ಬಿಇಸಿ (ರಿಸೀವರ್‌ಗೆ ಕರೆಂಟ್ ಕೊಡುವ ಭಾಗ) ಇದ್ದರೆ ಒಂದರ ಕೆಂಪು ವೈರ್ ತೆಗೆದು ಟೇಪ್ ಸುತ್ತಿ. ರಿಸೀವರ್‌ಗೆ ಒಂದು ಕಡೆಯಿಂದ ಕರೆಂಟ್ ಸಾಕು.

ಮೋಟರ್ ಆರಿಸುವಾಗ ವೇಗಕ್ಕಿಂತ ಎಳೆಯುವ ಬಲ ನೋಡಿ. ನಿಜವಾದ 251 ರಸ್ತೆಯಲ್ಲಿ ಗಂಟೆಗೆ ಸುಮಾರು 50 ಕಿ.ಮೀ. ಓಡುತ್ತಿತ್ತು. 16ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 0.87 ಮೀಟರ್. 45 ಮಿ.ಮೀ. ಸ್ಪ್ರಾಕೆಟ್‌ಗೆ ನಿಮಿಷಕ್ಕೆ 370 ಸುತ್ತು ಆಯಿತು. ಅದರ ಅರ್ಧ ಇದ್ದರೂ ನೋಡಲು ಚೆನ್ನಾಗಿರುತ್ತದೆ, ಬಲವೂ ಸಿಗುತ್ತದೆ.

ಇನ್ನು ಚಕ್ರಗಳು. 251ರ ಟ್ರ್ಯಾಕ್ ಒಳಗಿನ ಚಕ್ರಗಳು ಒಂದರ ಮೇಲೊಂದು ಹೆಣೆದಂತಿವೆ, ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಉಜ್ಜುತ್ತದೆ. ಎಲ್ಲದಕ್ಕೂ ಹಿತ್ತಾಳೆ ಕೊಳವೆ ಬುಷ್ ಹಾಕಿ, ಚಕ್ರಗಳ ನಡುವೆ ತೆಳು ವಾಷರ್ ಇಡಿ. ಆಕ್ಸಲ್ ಮೇಲೆ ಬಣ್ಣ ಬೀಳದಂತೆ ಟೇಪ್ ಕಟ್ಟಿ. ಕಿಟ್‌ನ ವಿನೈಲ್ ಟ್ರ್ಯಾಕ್ ಆಗಿದ್ದರೆ, ಕಾಯಿಸಿ ಕರಗಿಸಿದ ಜೋಡಣೆ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ. ನೈಲಾನ್ ದಾರದಲ್ಲಿ ಹೊಲಿಯಿರಿ. ಹಿಂದಿನ ಐಡ್ಲರ್ ಚಕ್ರ (ಟ್ರ್ಯಾಕ್ ಸುತ್ತಿ ಬರುವ ಹಿಂಬದಿಯ ಚಕ್ರ) ಹಿಂದೆ ಮುಂದೆ ಸರಿಯುವಂತಿರಲಿ. ಟ್ರ್ಯಾಕ್ ತಂತಿಯಂತೆ ಬಿಗಿಯಾದರೆ ಮೋಟರ್ ಸುಮ್ಮನೆ ಬಿಸಿಯಾಗುತ್ತದೆ.

ಬ್ಯಾಟರಿಯನ್ನು ಬಾನೆಟ್ ಒಳಗೆ ಇಡಿ. ಮುಂದೆ ತೂಕ ಇಲ್ಲದಿದ್ದರೆ ಟೈರ್ ಹಿಡಿಯುವುದೇ ಇಲ್ಲ. ಗಟ್ಟಿ ಪ್ಲಾಸ್ಟಿಕ್ ಟೈರ್ ಇದ್ದರೆ ತೆಗೆದು ಮೆತ್ತನೆಯ ರಬ್ಬರ್ ಹಾಕಿ. ಈ ಎರಡರಿಂದಲೇ ಎಷ್ಟೋ ಸುಧಾರಿಸುತ್ತದೆ.

ಇಷ್ಟೆಲ್ಲ ಆಗುವವರೆಗೆ ಮೇಲಿನ ಬಾಡಿ ಅಂಟಿಸಬೇಡಿ, ನಾಲ್ಕು ಸ್ಕ್ರೂನಲ್ಲಿ ನಿಲ್ಲಿಸಿ. ಮೊದಲು ಕೈಯಲ್ಲಿ ಎತ್ತಿ ಹಿಡಿದು ಎರಡೂ ಟ್ರ್ಯಾಕ್ ಒಂದೇ ವೇಗದಲ್ಲಿ ಓಡುತ್ತವೆಯೇ ನೋಡಿ, ಆಮೇಲೆ ನೆಲಕ್ಕೆ ಬಿಡಿ. ಯಾವ ಕಡೆ ಎಳೆಯುತ್ತದೆ ಎಂದು ಬರೆಯಿರಿ, ಮಿಕ್ಸ್ ಅಂಕಿಗಳನ್ನು ಒಟ್ಟಿಗೆ ಸರಿ ಮಾಡೋಣ.